ಮನೆಮಂದಿಯೆಲ್ಲ ಒಂದೇ ಚೌಕಟ್ಟಿನಲ್ಲಿ: ಹೊರಾಂಗಣ ಚಿತ್ರಕ್ಕೆ ಮುನ್ನ ಕೆಲವು ಸಿದ್ಧತೆ

ಕ್ರಿಸ್ಮಸ್ ರಜೆ ಸಮೀಪಿಸುತ್ತಿದ್ದಂತೆ ಕರಾವಳಿಯ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಕುವೈತಿನ ಮಗ ಯಾವ ದಿನ ಬಂದಿಳಿಯುತ್ತಾನೆ, ಮುಂಬಯಿಯ ಮಗಳಿಗೆ ಎಷ್ಟು ದಿನದ ರಜೆ, ಕೆನಡಾದಲ್ಲಿರುವ ಮೊಮ್ಮಗನಿಗೆ ಈ ವರ್ಷವಾದರೂ ಬರಲು ಸಾಧ್ಯವೇ? ಎಲ್ಲರೂ ಒಂದೇ ಸೂರಿನಡಿ ಇರುವ ದಿನಗಳು ನಾಲ್ಕೋ ಐದೋ. ಆ ದಿನಗಳಲ್ಲಿಯೇ ಯಾರದೋ ರೋಸ್, ಯಾರದೋ ಮದುವೆ, ಹಿರಿಯರ ಸಮಾಧಿಯ ಬಳಿ ಪ್ರಾರ್ಥನೆ, ನೆಂಟರ ಭೇಟಿ, ಹಲ್ಲಿನ ವೈದ್ಯರ ಭೇಟಿ. ಇವೆಲ್ಲದರ ನಡುವೆ "ಎಲ್ಲರೂ ಸೇರಿ ಒಂದು ಒಳ್ಳೆಯ ಫೋಟೋ ತೆಗೆಸಬೇಕು" ಎಂಬ ಮಾತೂ ಬರುತ್ತದೆ. ಮಾತು ಮೊದಲ ದಿನವೇ ಬರುತ್ತದೆ. ಫೋಟೋ ತೆಗೆಯುವುದು ಮಾತ್ರ ವಿಮಾನ ನಿಲ್ದಾಣಕ್ಕೆ ಹೊರಡುವ ಗಡಿಬಿಡಿಯಲ್ಲಿ, ಕಟ್ಟಿಟ್ಟ ಪೆಟ್ಟಿಗೆಗಳ ಪಕ್ಕದಲ್ಲಿ.

ನಮ್ಮ ಕುಟುಂಬದಲ್ಲಿ ಅದಕ್ಕೂ ಮೊದಲೇ ಒಂದು ತಪ್ಪು ನಡೆದುಹೋಗಿತ್ತು. 1996ರ ಮೇ ತಿಂಗಳಲ್ಲಿ ಅಜ್ಜ ಅಜ್ಜಿಯರ ವಿವಾಹದ ಸುವರ್ಣ ಮಹೋತ್ಸವ. ಕೃತಜ್ಞತಾ ಬಲಿಪೂಜೆ ಮುಗಿಯುವಾಗ ಗಂಟೆ ಹನ್ನೊಂದೂವರೆ. ಇಗರ್ಜಿಯ ಮೆಟ್ಟಿಲುಗಳ ಮೇಲೆ ನಲವತ್ತು ಮಂದಿಯನ್ನು ಸಾಲಾಗಿ ನಿಲ್ಲಿಸುವುದರೊಳಗೆ ಹನ್ನೆರಡು ದಾಟಿತು. ಮಂಗಳೂರಿನ ಆಕಾಶದಲ್ಲಿ ಸೂರ್ಯ ಅತಿ ಎತ್ತರಕ್ಕೇರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ. ಹಾಗಾಗಿ ನಾವು ದಿನದ ಅತ್ಯಂತ ಕ್ರೂರವಾದ ಬೆಳಕನ್ನೇ ಆಯ್ದುಕೊಂಡಂತಾಗಿತ್ತು. ಛಾಯಾಗ್ರಾಹಕರನ್ನು ದೂರುವಂತಿಲ್ಲ, ಆ ಹೊತ್ತಿಗೆ ಬರಲು ಹೇಳಿದವರು ನಾವೇ. ಎಂಬತ್ತರ ಸಮೀಪದಲ್ಲಿದ್ದ ಅಜ್ಜಿ ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಕುಳಿತರು. ಚಿತ್ರದಲ್ಲಿ ಅವರ ಕಣ್ಣುಗಳು ಕಿರಿದಾಗಿವೆ, ಹುಬ್ಬಿನ ನೆರಳು ಕೆನ್ನೆಯವರೆಗೆ ಇಳಿದಿದೆ, ಒಂದು ಕೈ ಹಣೆಯತ್ತ ಅರ್ಧ ಎದ್ದಿದೆ. ಮರುವರ್ಷದ ತಪಸ್ಸು ಕಾಲದಲ್ಲಿ ಅವರು ತೀರಿಕೊಂಡರು. ಪತ್ರಿಕೆಗೆ ಮರಣವಾರ್ತೆ ಕೊಡಲು ಬೇರೆ ಚಿತ್ರವೇ ಇರಲಿಲ್ಲ. ಗುಂಪಿನಿಂದ ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಲಾಯಿತು. ಆ ಚೌಕಟ್ಟಿನ ಅಂಚಿನಲ್ಲಿ ದೊಡ್ಡಪ್ಪನವರ ಕೋಟಿನ ಭುಜ ಇಂದಿಗೂ ಇದೆ. ಅದೇ ಚಿತ್ರ ನಮ್ಮ ಮನೆಯ ಅಲ್ತಾರಿನ ಪಕ್ಕದಲ್ಲಿ ತೂಗುತ್ತಿದೆ.

ಆ ದಿನದ ಚಿತ್ರದಲ್ಲಿ ಇನ್ನೂ ಒಂದು ಕೊರತೆಯಿದೆ. ಕಿರಿಯ ಚಿಕ್ಕಪ್ಪ ಅದರಲ್ಲಿಲ್ಲ. ಆಸ್ತಿ ಪಾಲಿನ ವಿಷಯದಲ್ಲಿ ಮನಸ್ತಾಪವಿತ್ತು. ಬಲಿಪೂಜೆಗೆ ಬಂದಿದ್ದರು, ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಫೋಟೋಕ್ಕೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅವರು ಸೈಕಲ್ ಹತ್ತಿ ಹೊರಟುಹೋದರು.

ಕುಟುಂಬದ ಚಿತ್ರಕ್ಕೆ ಸಿದ್ಧತೆ ಎಂದೊಡನೆ ನಾವು ಸೀರೆಯ ಬಣ್ಣದ ಚರ್ಚೆಗೆ ತೊಡಗುತ್ತೇವೆ. ಸೀರೆಯ ಸರದಿಯೂ ಬರಲಿ, ಆದರೆ ಅದಕ್ಕೆ ಮೊದಲು ನಿರ್ಧರಿಸಬೇಕಾದುದು ಎರಡೇ: ಮನೆಯ ಅತ್ಯಂತ ಹಿರಿಯ ಜೀವಕ್ಕೂ ಅತ್ಯಂತ ಕಿರಿಯ ಮಗುವಿಗೂ ಯಾವ ಹೊತ್ತು ಸುಖಕರ, ಮತ್ತು ಚೌಕಟ್ಟಿನೊಳಗೆ ಯಾರು ಯಾರು ಇರಬೇಕು.

ಹೊತ್ತು ಮತ್ತು ಸ್ಥಳ

ಹೊರಾಂಗಣ ಚಿತ್ರಕ್ಕೆ ಸೂರ್ಯೋದಯದ ನಂತರದ ಒಂದೆರಡು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಶ್ರೇಷ್ಠ. ಆಗ ಬೆಳಕು ಓರೆಯಾಗಿ, ಮೃದುವಾಗಿ ಮುಖದ ಮೇಲೆ ಬೀಳುತ್ತದೆ; ಕಣ್ಣಿನ ಕುಳಿಗಳಲ್ಲಿ ಕಪ್ಪು ನೆರಳು ನಿಲ್ಲುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6.10ರ ಸುಮಾರಿಗೆ; ಮೇ ತಿಂಗಳ ಕೊನೆಯಲ್ಲಿ 6.50 ದಾಟುತ್ತದೆ. ಡಿಸೆಂಬರಿನಲ್ಲಾದರೆ ಛಾಯಾಗ್ರಾಹಕರನ್ನು 4.30ಕ್ಕೆ ಕರೆಸಿ, 5 ಗಂಟೆಗೆ ಆರಂಭಿಸುವುದು ಸೂಕ್ತ. ನಮ್ಮವರಿಗೆ 5 ಗಂಟೆ ಎಂದು ಹೇಳಿದರೆ ಐದೂವರೆಗೆ ಸೇರುತ್ತಾರೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರಿಗೆ 4 ಗಂಟೆಯೆಂದೇ ಹೇಳಿಬಿಡಿ.

ಸಮುದ್ರತೀರದ ಮೋಹ ಈಗ ಎಲ್ಲರಿಗೂ ಇದೆ. ಸೋಮೇಶ್ವರವಾಗಲಿ ಪಣಂಬೂರಾಗಲಿ, ನಮ್ಮ ಕಡಲು ಪಶ್ಚಿಮಕ್ಕಿದೆ. ಸಂಜೆ ಕಡಲಿಗೆ ಬೆನ್ನು ಮಾಡಿ ನಿಂತರೆ ಸೂರ್ಯ ಹಿಂದಿರುತ್ತಾನೆ; ಆಕಾಶ ಹೊನ್ನಾಗಿ, ಮುಖಗಳು ಮಸಿಯಾಗಿ ಮೂಡುವ ಅಪಾಯವಿದೆ. ಬಲ್ಲ ಛಾಯಾಗ್ರಾಹಕರು ಫ್ಲಾಶ್ ಅಥವಾ ರಿಫ್ಲೆಕ್ಟರ್ ಬಳಸಿ ಇದನ್ನು ನಿವಾರಿಸುತ್ತಾರೆ, ಆದರೆ ಇಪ್ಪತ್ತೈದು ಜನರ ಗುಂಪಿಗೆ ಅದು ಸುಲಭವಲ್ಲ. ಮೇಲಾಗಿ ಮಧ್ಯಾಹ್ನದ ನಂತರ ಕಡಲ ಗಾಳಿ ಬಲವಾಗಿರುತ್ತದೆ. ಸೆರಗು, ಕೂದಲು ಯಾವುದೂ ಹೇಳಿದ ಮಾತು ಕೇಳುವುದಿಲ್ಲ. ಮೊಣಕಾಲು ನೋವಿರುವ ಅಜ್ಜನನ್ನು ಮರಳಿನಲ್ಲಿ ನಡೆಸುವುದಂತೂ ಶಿಕ್ಷೆಯೇ. ಯುವ ದಂಪತಿಗಳ ಚಿತ್ರಕ್ಕೆ ಕಡಲು ಚೆನ್ನ. ಮೂರು ತಲೆಮಾರಿನ ಚಿತ್ರಕ್ಕೆ ನನ್ನ ಮತ ಮನೆಯ ಅಂಗಳಕ್ಕೇ.

ಅಡಿಕೆ ತೋಟ ಕಣ್ಣಿಗೆ ಸುಂದರ. ಆದರೆ ಸೋಗೆಗಳ ನಡುವಿನಿಂದ ಇಳಿಯುವ ಬಿಸಿಲು ಮುಖಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಸುತ್ತಲಿನ ಹಸಿರು ಚರ್ಮದ ಮೇಲೂ ಪ್ರತಿಫಲಿಸುತ್ತದೆ. ತೋಟವನ್ನು ಹಿನ್ನೆಲೆಯಾಗಿಟ್ಟುಕೊಂಡು, ಅದರ ಅಂಚಿನ ತೆರೆದ ನೆರಳಿನಲ್ಲಿ, ಆಕಾಶದತ್ತ ಮುಖ ಮಾಡಿ ನಿಲ್ಲುವುದು ಉತ್ತಮ. ಸುಣ್ಣ ಬಳಿದ ಗೋಡೆಯ ಎದುರು ನಿಂತವರ ಮುಖದ ಮೇಲೆ ಆ ಗೋಡೆಯೇ ಬೆಳಕು ಚೆಲ್ಲುತ್ತದೆ, ಖರ್ಚಿಲ್ಲದ ರಿಫ್ಲೆಕ್ಟರ್. ಇಗರ್ಜಿಯ ಎದುರು ತೆಗೆಸುವ ಆಸೆಯಿದ್ದರೆ ಅದರ ಮುಂಬಾಗಿಲು ಯಾವ ದಿಕ್ಕಿಗಿದೆ ಎಂದು ಮೊದಲೇ ನೋಡಿಕೊಳ್ಳಿ. ಪೀಠ ಪೂರ್ವಕ್ಕೂ ಬಾಗಿಲು ಪಶ್ಚಿಮಕ್ಕೂ ಇರುವ ಇಗರ್ಜಿಗಳಲ್ಲಿ ಸಂಜೆಯ ಬೆಳಕು ಮುಖಮಂಟಪದ ಮೇಲೆಯೇ ಬೀಳುತ್ತದೆ. ಧರ್ಮಗುರುಗಳ ಅನುಮತಿಯನ್ನು ಎರಡು ದಿನ ಮೊದಲೇ ಪಡೆಯಿರಿ. ಅದೇ ಸಂಜೆ ಇನ್ನೊಂದು ಮದುವೆಯೋ ಅಂತ್ಯಕ್ರಿಯೆಯೋ ಇರಬಹುದು.

ಉಡುಪಿನ ವಿಷಯ

ಎಲ್ಲರೂ ಒಂದೇ ಬಣ್ಣದ ಬಟ್ಟೆ ತೊಡುವ ಪದ್ಧತಿ ಈಗ ಹರಡಿದೆ. ಸಮವಸ್ತ್ರ ತೊಟ್ಟ ಬ್ಯಾಂಡ್ ತಂಡದಂತೆ ಕಾಣುವ ಅಪಾಯ ಅದರಲ್ಲಿದೆ. ಒಂದಕ್ಕೊಂದು ಹೊಂದುವ ಮೂರು ನಾಲ್ಕು ಬಣ್ಣಗಳನ್ನು ಆರಿಸಿ, ಅವುಗಳೊಳಗೆ ಪ್ರತಿಯೊಬ್ಬರೂ ತಮಗೊಪ್ಪುವುದನ್ನು ತೊಡಲಿ. ಕಣ್ಣು ಕುಕ್ಕುವ ಹಸಿರು, ಕಿತ್ತಳೆ ಬಣ್ಣಗಳು ಗಲ್ಲದ ಕೆಳಗೆ ಪ್ರತಿಫಲಿಸುತ್ತವೆ. ತೀರಾ ಸಣ್ಣ ಗೆರೆ ಅಥವಾ ಚೌಕಳಿಯ ಅಂಗಿ ಡಿಜಿಟಲ್ ಕ್ಯಾಮೆರಾದಲ್ಲಿ ಅಲೆಯಲೆಯಾಗಿ ವಿಚಿತ್ರವಾಗಿ ಕಾಣಬಹುದು. ದೊಡ್ಡ ಅಕ್ಷರಗಳಿರುವ ಟೀ-ಶರ್ಟ್ ಬೇಡ. ಓದುವ ಕಣ್ಣು ಮುಖವನ್ನು ಬಿಟ್ಟು ಅಕ್ಷರಕ್ಕೆ ಹೋಗುತ್ತದೆ. ಹಿರಿಯರಿಗೆ ಮಾತ್ರ ಯಾವ ನಿಯಮವನ್ನೂ ಹೇರಬೇಡಿ. ತಾಯಿ ಮದುವೆಯ ಸಾಡೊ ಉಡುತ್ತೇನೆಂದರೆ ಉಡಲಿ, ಉಳಿದವರು ಅದಕ್ಕೆ ಹೊಂದಿಕೊಳ್ಳಲಿ. ಹೊಸ ಚಪ್ಪಲಿಯನ್ನು ಆ ದಿನವೇ ತೊಡಿಸಬೇಡಿ.

ಒಂದು ಸಣ್ಣ ವಿಷಯ, ಬಹಳ ಮಂದಿಗೆ ತಿಳಿಯದು. ಬಿಸಿಲಿಗೆ ತಾನಾಗಿಯೇ ಕಪ್ಪಾಗುವ ಕನ್ನಡಕಗಳನ್ನು ಈಗ ಅನೇಕ ಹಿರಿಯರು ಧರಿಸುತ್ತಾರೆ. ಅಂಗಳಕ್ಕೆ ಬಂದು ಐದು ನಿಮಿಷ ಕುಳಿತರೆ ಸಾಕು, ಚಿತ್ರದಲ್ಲಿ ಅವರ ಕಣ್ಣುಗಳೇ ಮಾಯ. ಹಳೆಯ ಸಾದಾ ಕನ್ನಡಕವನ್ನು ಹುಡುಕಿ, ಒರೆಸಿ, ಹಿಂದಿನ ದಿನವೇ ಮೇಜಿನ ಮೇಲಿಡಿ. ಕನ್ನಡಕವಿಲ್ಲದೆ ತೆಗೆಸೋಣ ಎನ್ನಬೇಡಿ. ನಲವತ್ತು ವರ್ಷ ಕನ್ನಡಕದೊಳಗಿಂದ ನೋಡಿದ ಮುಖ ಅದಿಲ್ಲದೆ ಮಕ್ಕಳಿಗೇ ಅಪರಿಚಿತವಾಗುತ್ತದೆ.

ಹಿರಿಯರು, ಮಕ್ಕಳು

ಹಿರಿಯರಿಗೆ ಅವರು ದಿನವೂ ಕುಳಿತುಕೊಳ್ಳುವ ಕುರ್ಚಿಯನ್ನೇ ಹೊರಗೆ ತಂದಿಡಿ. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಬಾಗಿ, ಕೈಗಳಿಗೆ ಜಾಗ ಸಿಗದೆ ಅವರು ಬಂದ ನೆಂಟರಂತೆ ಕಾಣುತ್ತಾರೆ. ಉಳಿದವರೆಲ್ಲ ನಿಂತು, ಸಾಲು ಸರಿಯಾಗಿ, ಛಾಯಾಗ್ರಾಹಕರು ಸಿದ್ಧ ಎಂದ ಮೇಲೆ ಅವರನ್ನು ಕರೆತನ್ನಿ. ಮೊದಲು ಕೂರಿಸಿ ಕಾಯಿಸುವುದಲ್ಲ. ಅವರಿರುವ ಎಲ್ಲ ಚಿತ್ರಗಳೂ ಮೊದಲ ಹದಿನೈದು ನಿಮಿಷಗಳಲ್ಲಿ ಮುಗಿಯಲಿ. ಬಳಿಕ ಅವರು ಒಳಗೆ ಹೋಗಿ ಕಾಫಿ ಕುಡಿಯಬಹುದು. ದಂಪತಿಗಳು, ಸೋದರಸಂಬಂಧಿಗಳು ಎಷ್ಟು ಹೊತ್ತಾದರೂ ನಿಲ್ಲಲಿ.

ಮಕ್ಕಳ ಮಟ್ಟಿಗೆ ಮಧ್ಯಾಹ್ನದ ನಿದ್ದೆ, ಹೊಟ್ಟೆಗೆ ಏನಾದರೂ, ಇವೆರಡೇ ಮುಖ್ಯ. "ನಗು, ನಗು" ಎಂದು ಹತ್ತು ಮಂದಿ ಕೂಗಿದರೆ ಮಗು ಅಳುತ್ತದೆ. ಛಾಯಾಗ್ರಾಹಕರು ಅರ್ಧ ಗಂಟೆ ಮೊದಲೇ ಬಂದು ಅಂಗಳದಲ್ಲಿ ಸುತ್ತಾಡಿದರೆ ಮಕ್ಕಳಿಗೆ ಅವರ ಪರಿಚಯವಾಗುತ್ತದೆ. ಇನ್ನೊಂದು ಉಪದ್ರವ ನಮ್ಮದೇ: ಅವರ ಬೆನ್ನ ಹಿಂದೆ ನಿಂತು ನಾಲ್ಕಾರು ಮಂದಿ ಮೊಬೈಲಿನಲ್ಲಿ ಅದೇ ಚಿತ್ರ ತೆಗೆಯುವುದು. ಕುಳಿತವರು ಯಾರನ್ನು ನೋಡಬೇಕೆಂದು ತಿಳಿಯದೆ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾರೆ. ಆ ಹದಿನೈದು ನಿಮಿಷ ಮೊಬೈಲುಗಳು ಒಂದು ಬುಟ್ಟಿಯಲ್ಲಿರಲಿ.

ಕಣ್ಣು ಮುಚ್ಚುವವರ ಸಮಸ್ಯೆಗೆ ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಗಣಿತದ ಲೆಕ್ಕವನ್ನೇ ಹಾಕಿದ್ದಾರೆ. ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಾದರೆ, ಒಳ್ಳೆಯ ಬೆಳಕಿನಲ್ಲಿ ಜನಸಂಖ್ಯೆಯನ್ನು 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿದಷ್ಟು ಸಲ ತೆಗೆದರೆ ಎಲ್ಲರ ಕಣ್ಣೂ ತೆರೆದಿರುವ ಒಂದು ಚಿತ್ರ ಬಹುತೇಕ ದೊರೆಯುತ್ತದಂತೆ. 2006ರಲ್ಲಿ ಅವರಿಗೆ ಇದಕ್ಕಾಗಿ ವಿನೋದದ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಹದಿನೆಂಟು ಮಂದಿಗೆ ಆರು ಸಲ. 36 ಚಿತ್ರಗಳ ಒಂದೇ ರೋಲನ್ನು ಹಬ್ಬದಿಂದ ಹಬ್ಬಕ್ಕೆ ಉಳಿಸಿಟ್ಟ ಕಾಲದಲ್ಲಿ ಈ ಔದಾರ್ಯ ಎಲ್ಲಿತ್ತು!

ಛಾಯಾಗ್ರಾಹಕರೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕಾದುದು ಕೆಲವೇ: ಒಟ್ಟು ಖರ್ಚು, ಮುಂಗಡ, ಎಷ್ಟು ಚಿತ್ರಗಳನ್ನು ತಿದ್ದಿ ಕೊಡುತ್ತಾರೆ, ಯಾವ ದಿನ ಕೊಡುತ್ತಾರೆ, ಮಕ್ಕಳ ಚಿತ್ರಗಳನ್ನು ತಮ್ಮ ಪ್ರಚಾರಕ್ಕೆ ಬಳಸುತ್ತಾರೆಯೇ. ಬೇಡವೆನ್ನುವುದಿದ್ದರೆ ಬರವಣಿಗೆಯಲ್ಲಿ ತಿಳಿಸಿ. ಯಾರ ಜೊತೆ ಯಾರು ಎಂಬ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲ ಗಟ್ಟಿ ದನಿಯ ಒಬ್ಬರಿಗೆ ಒಪ್ಪಿಸಿ.

ಯಾರು ಇರಬೇಕು

ಬರಲಾಗದವರನ್ನು, ತೀರಿಹೋದವರನ್ನು ಕಂಪ್ಯೂಟರಿನಲ್ಲಿ ಸೇರಿಸಿ ಕೊಡುವ ಸೌಲಭ್ಯ ಈಗ ಇದೆ. ನನಗೆ ಅದು ಒಪ್ಪುವುದಿಲ್ಲ. ತಂದೆ ಇಲ್ಲದ ಮನೆಯಲ್ಲಿ ತಂದೆಯ ಚೌಕಟ್ಟು ಹಾಕಿದ ಚಿತ್ರವನ್ನು ತಾಯಿ ಮಡಿಲಲ್ಲಿ ಹಿಡಿದು ಕುಳಿತರೆ ಅದರಲ್ಲಿ ಸುಳ್ಳಿಲ್ಲ. ಆದರೆ ಬದುಕಿದ್ದೂ, ಮೂರು ಮೈಲಿ ದೂರದಲ್ಲಿದ್ದೂ ಚೌಕಟ್ಟಿನೊಳಗೆ ಬಾರದವರ ಪ್ರಶ್ನೆ ಬೇರೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ತಾಯಿಗೆ ಎಂಬತ್ತು ತುಂಬಿತು. ನನ್ನ ಅಣ್ಣನಿಗೂ ತಮ್ಮನಿಗೂ ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. ಜಾಗದ ಅಳತೆಯ ವಿಷಯ, ಅಷ್ಟೇ. ಚಿತ್ರದ ಏರ್ಪಾಡಿನ ಬಗ್ಗೆ ನಾವು ಮಾತನಾಡುತ್ತಿದ್ದಾಗ ಅಮ್ಮ ಗೋಡೆಯಲ್ಲಿದ್ದ ಅಜ್ಜಿಯ ಚಿತ್ರವನ್ನು ನೋಡುತ್ತಿದ್ದರು. "ಆ ದಿನ ನಿಮ್ಮ ಚಿಕ್ಕಪ್ಪನನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ" ಎಂದರು. ಆ ಸಂಜೆ ಜಪಮಾಲೆ ಮುಗಿದ ಮೇಲೆ ಅವರೇ ತಮ್ಮನಿಗೆ ಫೋನ್ ಮಾಡಿದರು. ಏನು ಹೇಳಿದರೆಂದು ನಮಗೆ ಕೇಳಿಸಲಿಲ್ಲ. ಇಂಥ ಕರೆಯನ್ನು ಆ ದಿನದ ಬೆಳಿಗ್ಗೆ ಮಾಡಿದರೆ ಪ್ರಯೋಜನವಿಲ್ಲ. ವಾರ ಮೊದಲೇ ಮಾಡಬೇಕು, ಅದನ್ನು ಮಾಡಬೇಕಾದವರೇ ಮಾಡಬೇಕು. ಸೀರೆ ಇಸ್ತ್ರಿ ಮಾಡಿಸುವುದಕ್ಕಿಂತ ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ತಮ್ಮ ಬಂದ. ಹೆಂಡತಿ ಮಕ್ಕಳನ್ನೂ ಕರೆತಂದ. ಅಣ್ಣ ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ ನಿಂತರು. ಛಾಯಾಗ್ರಾಹಕರಿಗೆ ವಿಷಯವನ್ನು ನಾನು ಮೊದಲೇ ತಿಳಿಸಿದ್ದೆ. ಇಬ್ಬರನ್ನೂ ಹತ್ತಿರ ನಿಲ್ಲಲು ಅವರು ಒತ್ತಾಯಿಸಲಿಲ್ಲ. ಚಹಾ ಕುಡಿಯುವಾಗ ಅಣ್ಣ ತಮ್ಮನ ಮಗನ ಓದಿನ ಬಗ್ಗೆ ವಿಚಾರಿಸಿದ. ಅಂದು ಆದದ್ದು ಇಷ್ಟೇ. ಅಳತೆಯ ವಿಷಯ ಇನ್ನೂ ಬಗೆಹರಿದಿಲ್ಲ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಹಿಂಬದಿಯಲ್ಲಿ ಇಪ್ಪತ್ತಾರು ಹೆಸರುಗಳನ್ನೂ ಇಸವಿಯನ್ನೂ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಮೊಬೈಲಿನೊಳಗೆ ಮಾತ್ರ ಉಳಿಯುವ ಚಿತ್ರ ಮೊಬೈಲಿನೊಂದಿಗೇ ಹೋಗುತ್ತದೆ. ನೀವೂ ಮುದ್ರಿಸಿಡಿ, ಹೆಸರು ಬರೆಯಿರಿ.

ಗುಂಪು ಚದುರಿದ ಮೇಲೆ ಅಮ್ಮ ಕುರ್ಚಿಯಿಂದ ಏಳಲಿಲ್ಲ. ಛಾಯಾಗ್ರಾಹಕ ಹುಡುಗನನ್ನು ಕರೆದು, "ಪುತಾ, ನನ್ನೊಬ್ಬಳದ್ದೂ ಒಂದು ತೆಗೆ, ಹತ್ತಿರದಿಂದ" ಎಂದರು. ಯಾವುದಕ್ಕೆಂದು ನಾವಾರೂ ಕೇಳಲಿಲ್ಲ. ಅವರೇ ಹೇಳಿದರು: "ಪೇಪರಿಗೆ ಕೊಡುವಾಗ ಯಾರ ಭುಜವನ್ನೂ ಕತ್ತರಿಸುವುದು ಬೇಡ." ಮುದ್ರಿಸಿ ತಂದುಕೊಟ್ಟಾಗ ಕೂದಲು ಸರಿ ಬಂದಿಲ್ಲವೆಂದು ಎರಡು ದಿನ ಗೊಣಗಿದರು. ಈಗ ಅದು ಅವರ ಕಪಾಟಿನಲ್ಲಿ, ಸಾಡೊದ ಮಡಿಕೆಯ ನಡುವೆ ಇದೆ.