ಚಾಕಣದ ಚಳಿಯಲ್ಲಿ ಶಂಕರಪುರದ ಮಲ್ಲಿಗೆ

ಡಿಸೆಂಬರ್ ಬಂತೆಂದರೆ ಚಾಕಣದಲ್ಲಿ ರಾತ್ರಿ ತಾಪಮಾನ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಸುತ್ತಲಿನ ಈರುಳ್ಳಿ, ಆಲೂಗಡ್ಡೆ ಹೊಲಗಳಿಗೆ ಅದು ಹಿತ. ನಮ್ಮ ಐದನೇ ಮಹಡಿಯ ಮಲ್ಲಿಗೆ ಗಿಡಕ್ಕಲ್ಲ. ಅದು ಹುಟ್ಟಿದ್ದು ಉಡುಪಿ ಜಿಲ್ಲೆಯ ಶಂಕರಪುರದಲ್ಲಿ. ಅಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಹತ್ತಿರ.

ಕರಾವಳಿಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆಯ ಊರು ಶಂಕರಪುರ. ಅಲ್ಲಿ ಮಲ್ಲಿಗೆ ಎಂದರೆ ಮನೆಯ ಸಂಬಳ. 800 ಹೂ ಕಟ್ಟಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು. ಬೇಸಿಗೆಯಲ್ಲಿ ಹೂ ಹೆಚ್ಚು, ದರ ಕಡಿಮೆ; ಹೂ ಕಡಿಮೆಯಾದಾಗ ದರ ಏರುತ್ತದೆ. ನನ್ನ ಎಂ.ಟೆಕ್. ಶುಲ್ಕದ ದೊಡ್ಡ ಪಾಲು ಬಂದದ್ದು ಅಮ್ಮ ಬೆಳಗಿನ ಜಾವ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿದ ಚೆಂಡುಗಳಿಂದ.

ಮಂಡಿನೋವಿನಿಂದ ಅಮ್ಮ ಈಗ ಹೂವಿನ ಕೆಲಸ ನಿಲ್ಲಿಸಿದ್ದಾರೆ. ಎರಡು ವರ್ಷದ ಹಿಂದೆ, ಉಳಿದಿದ್ದ ಒಂದೇ ಬುಡದಿಂದ ಗೆಲ್ಲು ಕತ್ತರಿಸಿ, ಬೇರು ಬರಿಸಿ ನನಗೆ ಕೊಟ್ಟರು. ಆ ಬುಡ ಅದೇ ಮಳೆಗಾಲದಲ್ಲಿ ಕೊಳೆತುಹೋಯಿತು. ಹಾಗಾಗಿ ಚಾಕಣದ ಈ ಕುಂಡದಲ್ಲಿರುವುದೇ ನಮ್ಮ ಮನೆಯ ಕೊನೆಯ ಮಲ್ಲಿಗೆ.

ಮೊದಲ ಚಳಿಗಾಲದಲ್ಲಿ ಅದನ್ನು ನಾನೇ ಕೊಲ್ಲುವುದರಲ್ಲಿದ್ದೆ. ಎಲೆ ಮುದುಡಿದ್ದು ಕಂಡು ಗಾಬರಿಯಾಗಿ ಕುಂಡವನ್ನು ಒಳಗೆ ತಂದು, 1500 ವ್ಯಾಟಿನ ರೂಮ್ ಹೀಟರ್ ಎದುರಿಗಿಟ್ಟೆ. ಬೇಗ ಚೇತರಿಸಿಕೊಳ್ಳಲಿ ಎಂದು 19:19:19 ರಸಗೊಬ್ಬರವನ್ನು ಎರಡು ಪಟ್ಟು ಹಾಕಿದೆ. ವಾರದಲ್ಲಿ ಎಲೆಗಳ ಅಂಚು ಕಂದಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯತೊಡಗಿದವು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, ‘ಜ್ವರ ಬಂದವನಿಗೆ ಯಾರಾದರೂ ಮದುವೆ ಊಟ ಬಡಿಸುತ್ತಾರಾ?’ ಎಂದರು.

ಅಮ್ಮ ಹೇಳಿದ್ದರಲ್ಲಿ ವಿಜ್ಞಾನವಿದೆ. ಮಣ್ಣು ತಣ್ಣಗಾದರೆ ಬೇರು ನೀರು, ಪೋಷಕಾಂಶ ಹೀರುವುದು ನಿಧಾನವಾಗುತ್ತದೆ. ಹೀರದ ಗೊಬ್ಬರ ಲವಣವಾಗಿ ಕುಂಡದಲ್ಲೇ ಉಳಿದು, ಬೇರಿಗೆ ನೀರು ಸಿಗುವುದನ್ನೇ ಕಷ್ಟ ಮಾಡುತ್ತದೆ. ಮೇಲಿನಿಂದ ಹೀಟರಿನ ಒಣಗಾಳಿ ಎಲೆಯ ತೇವ ಕಸಿಯುತ್ತದೆ. ನಾನು ಎರಡೂ ಕಡೆಯಿಂದ ಗಿಡವನ್ನು ಒಣಗಿಸಿದ್ದೆ. ತಳದ ತೂತಿನಿಂದ ಧಾರಾಳ ಹರಿದುಹೋಗುವಷ್ಟು ನೀರು ಎರೆದು ಲವಣ ತೊಳೆದೆ. ಎರಡು ತಿಂಗಳು ಗೊಬ್ಬರ ಬಂದ್. ಮಾರ್ಚ್‌ನಲ್ಲಿ ಬುಡದಿಂದ ಒಂದು ಚಿಗುರು ಬಂತು.

ಎರಡನೇ ಚಳಿಗಾಲಕ್ಕೆ ಎಂಜಿನಿಯರ್ ಬುದ್ಧಿ ಸ್ವಲ್ಪ ಕೆಲಸ ಮಾಡಿತು. ಬಿಸಿ ಬೇಕಾದದ್ದು ಕೋಣೆಗಲ್ಲ, ಬೇರಿಗೆ. ಕುಂಡದಡಿ ಸಸಿಗಳಿಗೆಂದೇ ಬರುವ 20 ವ್ಯಾಟಿನ ಹೀಟ್ ಮ್ಯಾಟ್ ಹಾಸಿ, ಮಣ್ಣಿಗೊಂದು ತಾಪಮಾನ ಸೆನ್ಸರ್ ಚುಚ್ಚಿದೆ. 20 ಡಿಗ್ರಿಗೆ ಆನ್, 23ಕ್ಕೆ ಆಫ್. ರಾತ್ರಿ ಹತ್ತು ಗಂಟೆ ಸತತ ಉರಿದರೂ ಖರ್ಚು 0.2 ಯೂನಿಟ್, ಹಳೆಯ ಹೀಟರ್ ಸತತ ಉರಿದರೆ 15 ಯೂನಿಟ್. ಹಗಲು ದಕ್ಷಿಣದ ಕಿಟಕಿ, ಏಕೆಂದರೆ ಚಳಿಗಾಲದ ಬಿಸಿಲು ಒಳಬರುವುದು ಅಲ್ಲಿಂದ. ರಾತ್ರಿ ಗಾಜಿನಿಂದ ಎರಡಡಿ ದೂರ.

ಊಟದ ಲೆಕ್ಕವೂ ಬದಲಾಯಿತು. ಊರಲ್ಲಿ ಕಡಲೆ ಹಿಂಡಿ ನೆನೆಸಿ ಕೊಳೆಸಿ ಬುಡಕ್ಕೆ ಎರೆಯುತ್ತಾರೆ. ಅದನ್ನು ಫ್ಲ್ಯಾಟಿನಲ್ಲಿ ಮಾಡಿದ ದಿನ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗ್ಯಾಸ್ ಸೋರಿಕೆಯ ಚರ್ಚೆ ನಡೆಯಿತು! ಈಗ ಚಿಗುರು ಕಂಡಾಗ ಮಾತ್ರ, ಲೀಟರಿಗೆ 1 ಗ್ರಾಂ 19:19:19, ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ. ಚಿಗುರಿಲ್ಲದಿದ್ದರೆ ಉಪವಾಸ.

ಇನ್ನೊಂದು ಪಾಠ ನೀರಿನದು. ಶಂಕರಪುರದ್ದು ಆಮ್ಲೀಯ ಕೆಂಪು ಮುರಕಲ್ಲಿನ ಮಣ್ಣು. ನಮಗಿಲ್ಲಿ ಬರುವುದು ಗಡುಸಾದ ಬೋರ್‌ವೆಲ್ ನೀರು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಇಂಥ ನೀರಿಗೆ ಇಡಿಡಿಎಚ್‌ಎ ರೂಪದ ಕಬ್ಬಿಣವೇ ಸರಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಹಾಕಬೇಡಿ. ಲವಣವೆಲ್ಲ ಸೇರಿರುವುದು ಅದರಲ್ಲೇ.

ಈ ಫೆಬ್ರುವರಿಯ ಕೊನೆಗೆ ಮೊಗ್ಗು ಬಂತು. ಬೆಳಗಿನ ಜಾವ ಕೊಯ್ದು, ಅಂಗೈಯಲ್ಲಿಟ್ಟು ಕ್ಯಾಮೆರಾ ಮುಂದೆ ಹಿಡಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಎಣಿಸಿದರು. ಹನ್ನೊಂದು.

‘ಕಟ್ಟೆಗೆ ಕೊಡಬೇಡ. ಒಂದು ಚೆಂಡಿಗೆ ಇನ್ನೂ 789 ಬೇಕು’ ಎಂದರು.