ತಳಹದಿಯ ವರ್ಷದಲ್ಲಿ ಸ್ವತಂತ್ರ ಸಂಶೋಧನೆ

ಸಂಶೋಧನೆಯೆಂಬುದು ವ್ಯಾಸಂಗದ ಕಟ್ಟಕಡೆಯ ಮೆಟ್ಟಿಲು, ಅದಕ್ಕೆ ಮೊದಲು ವಿದ್ಯಾರ್ಥಿಯು ಕೇಳಿದ್ದನ್ನು ಬರೆದುಕೊಂಡು ಬರೆದುಕೊಂಡದ್ದನ್ನು ಒಪ್ಪಿಸಿದರೆ ಸಾಕು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಆಳವಾಗಿ ಬೇರೂರಿದೆ. ಪದವಿ ವ್ಯಾಸಂಗದ ಮೊದಲನೆಯ ವರ್ಷದಲ್ಲಿಯೇ, ಅಂದರೆ ತಳಹದಿಯ ವರ್ಷದಲ್ಲಿಯೇ, ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಆರಿಸಿಕೊಂಡ ಒಂದು ಸಣ್ಣ ವಿಷಯವನ್ನು ಸ್ವತಂತ್ರವಾಗಿ ಶೋಧಿಸಬಲ್ಲನೇ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ತಳಹದಿಯ ವರ್ಷವೆಂಬ ಕಲ್ಪನೆಗೆ ಇಂಗ್ಲೆಂಡಿನ ಕೀಲ್ ಒಂದು ಪ್ರಸಿದ್ಧ ನಿದರ್ಶನ. 1949ರಲ್ಲಿ ಉತ್ತರ ಸ್ಟಾಫರ್ಡ್‌ಷೈರಿನ ಯೂನಿವರ್ಸಿಟಿ ಕಾಲೇಜಾಗಿ ಸ್ಥಾಪಿತವಾದ ಈ ಸಂಸ್ಥೆ 1950ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಬರಮಾಡಿಕೊಂಡಿತು, 1962ರಲ್ಲಿ ವಿಶ್ವವಿದ್ಯಾಲಯವಾಯಿತು. ಅದರ ಮೊದಲ ಮುಖ್ಯಸ್ಥರಾದ ಎ. ಡಿ. ಲಿಂಡ್ಸೆಯವರು ಪದವಿಯ ಅವಧಿಯನ್ನು ನಾಲ್ಕು ವರ್ಷಗಳಿಗೆ ವಿಸ್ತರಿಸಿ, ಮೊದಲನೆಯ ವರ್ಷವನ್ನು ಎಲ್ಲರಿಗೂ ಸಮಾನವಾದ ವಿಶಾಲ ವ್ಯಾಸಂಗಕ್ಕೆ ಮೀಸಲಿಟ್ಟರು. ಎಳೆಯ ವಯಸ್ಸಿನಲ್ಲಿಯೇ ಒಂದೇ ಶಾಸ್ತ್ರದ ಇಕ್ಕಟ್ಟಿಗೆ ಸಿಲುಕಿದ ಬುದ್ಧಿಯನ್ನು ಬಿಡಿಸುವುದು ಅವರ ಉದ್ದೇಶವಾಗಿತ್ತು. ಅತ್ತ ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಅವರು ಪದವಿ ವಿದ್ಯಾರ್ಥಿಗಳನ್ನೂ ಸಂಶೋಧನೆಯಲ್ಲಿ ತೊಡಗಿಸುವ ಯೋಜನೆಯನ್ನು ಆರಂಭಿಸಿದರು. ಈ ಎರಡು ಆಶಯಗಳನ್ನು ಜೋಡಿಸಿದರೆ ನಮ್ಮ ಪ್ರಶ್ನೆ ಹುಟ್ಟುತ್ತದೆ.

ನಮ್ಮಲ್ಲಿಯ ಸ್ಥಿತಿ ಇದಕ್ಕೆ ವ್ಯತಿರಿಕ್ತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ರಚಿತವಾದ ನಾಲ್ಕು ವರ್ಷಗಳ ಪದವಿಯ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಂಕ ಗಳಿಸಿದವರಿಗೆ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಅವಕಾಶವನ್ನು ಕಲ್ಪಿಸಲಾಯಿತು. ಕರ್ನಾಟಕವು 2021ರಲ್ಲಿ ಈ ಮಾರ್ಗವನ್ನು ಹಿಡಿದು 2024ರಲ್ಲಿ ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ಯಾವ ಪದ್ಧತಿ ಮೇಲೆಂಬ ವಾದ ಇಲ್ಲಿ ಪ್ರಸ್ತುತವಲ್ಲ. ಆದರೆ ಸಂಶೋಧನೆಯನ್ನು ಕೊನೆಯ ವರ್ಷದ ಬಹುಮಾನವಾಗಿ ಇಟ್ಟಷ್ಟು ಕಾಲವೂ, ಪದವಿ ಮುಗಿಸಿ ಉದ್ಯೋಗಕ್ಕೆ ಹೋಗುವ ಬಹುಮಂದಿ ಅದರ ರುಚಿಯನ್ನೇ ಕಾಣದೆ ಹೊರಡುವರೆಂಬುದು ನಿಶ್ಚಯ.

ಹದಿನೆಂಟರ ಹುಡುಗನಿಗೆ ಸಂಶೋಧನೆ ಸಾಧ್ಯವೇ ಎಂದು ಕೆಲವರು ಶಂಕಿಸಬಹುದು. ಒಂದು ಉದಾಹರಣೆಯನ್ನು ನೋಡೋಣ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂಬ ಕಥೆ ಎಲ್ಲರಿಗೂ ಗೊತ್ತು. ಇದು ನಿಜವೇ ಎಂದು ಕೇಳಿದ ವಿದ್ಯಾರ್ಥಿಯು ಮೊದಲು ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕಾಲವನ್ನು ಗುರುತಿಸಬೇಕು: 1173ರಿಂದ 1220. ಅನಂತರ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ ವೀರಗಲ್ಲಿನ ಶಾಸನವನ್ನು ನೋಡಬೇಕು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳು ಇದಕ್ಕೆ ನೆರವಾಗುತ್ತವೆ. ಸುಮಾರು 890ರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಆ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಹೆಸರು ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಆದುದರಿಂದ ಕಥೆಯು ಹೆಸರಿನ ಮೂಲವಾಗಲಾರದು. ಇಷ್ಟಾದರೂ ಆ ಹೆಸರು ಹೇಗೆ ಬಂತೆಂಬುದನ್ನು ಶಾಸನವು ಹೇಳುವುದಿಲ್ಲ. ಪ್ರಮಾಣವು ಎಲ್ಲಿಯವರೆಗೆ ಕೊಂಡೊಯ್ಯುವುದೋ ಅಲ್ಲಿಯವರೆಗೆ ಹೋಗಿ ನಿಲ್ಲುವುದನ್ನು ವಿದ್ಯಾರ್ಥಿ ಇಲ್ಲಿ ಕಲಿಯುತ್ತಾನೆ. ಹೊಸ ಶಾಸನವನ್ನೇನೂ ಅವನು ಕಂಡುಹಿಡಿಯಲಿಲ್ಲ, ಆದರೆ ಅವನು ನಡೆದ ದಾರಿ ಸಂಶೋಧಕನ ದಾರಿಯೇ.

ಈ ಕಾರ್ಯಕ್ಕೆ ನಾಲ್ಕು ನಿಯಮಗಳು ಸಾಕೆಂದು ನಮ್ಮ ಅನುಭವ. ಪ್ರಶ್ನೆ ಒಂದೇ ವಾಕ್ಯದಲ್ಲಿ ಹೇಳುವಷ್ಟು ಚಿಕ್ಕದಾಗಿರಬೇಕು. ಒಂದಾದರೂ ಮೂಲ ಆಧಾರವನ್ನು ವಿದ್ಯಾರ್ಥಿ ಕಣ್ಣಾರೆ ನೋಡಿರಬೇಕು. ಕಂಡದ್ದನ್ನೂ ಊಹಿಸಿದ್ದನ್ನೂ ದಿನಚರಿಯಲ್ಲಿ ಬೇರೆಬೇರೆಯಾಗಿ ಬರೆದಿಡಬೇಕು. ಕೊನೆಯಲ್ಲಿ ಸಹಪಾಠಿಗಳೆದುರು ನಿಂತು ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಯಂತ್ರವೇ ಕ್ಷಣಮಾತ್ರದಲ್ಲಿ ಪ್ರಬಂಧವನ್ನು ಹೆಣೆದುಕೊಡುವ ಈ ದಿನಗಳಲ್ಲಿ ಕೊನೆಯ ಎರಡು ನಿಯಮಗಳ ಬೆಲೆ ಇನ್ನಷ್ಟು ಹೆಚ್ಚಿದೆ.

ಅಧ್ಯಾಪಕರ ಹೊಣೆಯೂ ಇಲ್ಲಿ ಸಣ್ಣದಲ್ಲ. ನಾವು ಮೊದಲ ಬಾರಿ ಇಂಥ ಕಾರ್ಯವನ್ನು ವಹಿಸಿದಾಗ ವಿದ್ಯಾರ್ಥಿನಿಯೊಬ್ಬಳು ತನ್ನೂರ ಕೆರೆಯ ಏರಿಯ ಮೇಲಿನ ಕಲ್ಲೊಂದನ್ನು ಆರಿಸಿಕೊಂಡಳು. ಊರವರು ಅದಕ್ಕೆ ಅರಿಸಿನ ಕುಂಕುಮವಿಟ್ಟು ದೇವಿಯೆಂದು ಪೂಜಿಸುತ್ತಿದ್ದರು. ಅದರ ಮೂರು ಪಟ್ಟಿಕೆಗಳನ್ನು ಅಳೆದು, ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ ಎಂದು ಗುರುತಿಸಿ, ಅದು ವೀರಗಲ್ಲೆಂದು ಆಕೆ ತೋರಿಸಿದಳು. ಅಕ್ಷರಗಳು ಸವೆದಿದ್ದುದರಿಂದ, “ಓದಲಾಗಲಿಲ್ಲ, ವೀರನ ಹೆಸರು ತಿಳಿಯದು” ಎಂದು ಬರೆದು ಮುಗಿಸಿದ್ದಳು. ಪುಸ್ತಕಗಳಿಂದ ಎತ್ತಿ ಬರೆದ ತುಂಬು ಪ್ರಬಂಧಗಳಿಗೆ ನಾವು ಹೆಚ್ಚು ಅಂಕ ಕೊಟ್ಟೆವು. ಆಕೆಯದನ್ನು ಅಪೂರ್ಣವೆಂದು ಎಣಿಸಿದೆವು. ಆ ತರಗತಿಯಲ್ಲಿ ನಿಜವಾದ ಸಂಶೋಧನೆ ಅದೊಂದೇ ಆಗಿತ್ತೆಂಬುದು ನಮಗೆ ಹೊಳೆದಾಗ ಅಂಕಪಟ್ಟಿ ಹೊರಟುಹೋಗಿತ್ತು.

ಅಂದಿನಿಂದ ತಿಳಿಯದುದನ್ನು ತಿಳಿಯದೆಂದು ಬರೆಯುವ ಪ್ರಾಮಾಣಿಕತೆಗೂ ನಾವು ಅಂಕಗಳನ್ನಿಡುತ್ತಿದ್ದೇವೆ. ಮೊದಲ ವರ್ಷದಲ್ಲಿಯೇ ಈ ಗುಣಕ್ಕೆ ಮನ್ನಣೆ ದೊರೆಯದಿದ್ದರೆ ವಿದ್ಯಾರ್ಥಿಗಳು ತುಂಬಿಸಿ ಬರೆಯುವುದನ್ನೇ ಕಲಿಯುತ್ತಾರೆ. ಮುಂದೆ ಸ್ನಾತಕೋತ್ತರ ತರಗತಿಗಳಲ್ಲಿ ಅದನ್ನು ಮರೆಸುವುದು ಕಷ್ಟ. ತಳಹದಿಯೆಂಬ ಹೆಸರು ಸಾರ್ಥಕವಾಗುವುದು ಈ ಕಾರಣದಿಂದಲೇ.