ಮರುಕಳಿಸುವ ಮೆದುಳಿನ ಅನ್ಯೂರಿಸಮ್: ಚಿಕಿತ್ಸೆಯೊಡನೆ ಬೇಕಾದ ಆಸರೆ

ಬಸವಾದಿ ಶರಣರು ಕಾಯವನ್ನು ಹಳಿಯಲಿಲ್ಲ. ಇಷ್ಟಲಿಂಗವನ್ನು ಧರಿಸುವುದು, ಕಾಯಕವನ್ನು ನಡೆಸುವುದು, ದಾಸೋಹಕ್ಕೆ ಕೈಜೋಡಿಸುವುದು ಎಲ್ಲವೂ ಈ ಕಾಯದಿಂದಲೇ ಆಗಬೇಕು. ಆದ್ದರಿಂದ ಕಾಯಕ್ಕೆ ಬಂದ ಬೇನೆಯನ್ನು ತಿಳಿದು ನಡೆಯುವುದೂ ಸಾಧನೆಯ ಒಂದು ಭಾಗವೆಂದೇ ನಾವು ಭಾವಿಸುತ್ತೇವೆ.

ಕೆಲವು ತಿಂಗಳ ಹಿಂದೆ ಶ್ರೀಮಠದ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದವಾದ ಬಳಿಕ ತಾಯಿಯೊಬ್ಬರು ನಮ್ಮ ಬಳಿ ಬಂದು ಕುಳಿತರು. ಅವರ ಮೆದುಳಿನ ರಕ್ತನಾಳದಲ್ಲಿ ಕಂಡುಬಂದ ಉಬ್ಬಿಗೆ ಆರು ವರ್ಷಗಳ ಅಂತರದಲ್ಲಿ ಎರಡು ಬಾರಿ ಚಿಕಿತ್ಸೆಯಾಗಿತ್ತು. “ಎರಡು ಸಲ ಆತ್ರಿ. ಈಗ ಮತ್ತೊಂದು ಕಾಣಸ್ತೈತಿ ಅಂತ ಹೇಳ್ಯಾರ. ಇನ್ನ ಎಷ್ಟು ಸಲ ಅಂತ ಹೆದರಕೊಂಡು ಬಾಳೂದ್ರಿ?” ಎಂದು ಕೇಳಿದರು. ಮುಂದಿನ ತಪಾಸಣೆಯ ದಿನ ಕಳೆದು ನಾಲ್ಕು ತಿಂಗಳಾಗಿತ್ತು. ಹೆದರಿಕೆಯಿಂದ ಅವರು ಹೋಗಿರಲಿಲ್ಲ, ಮನೆಯವರಿಗೂ ತಿಳಿಸಿರಲಿಲ್ಲ. ಅವರ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಏನಿದು ಅನ್ಯೂರಿಸಮ್?

ಹಳೆಯ ಸೈಕಲ್ಲಿನ ಟ್ಯೂಬಿಗೆ ಗಾಳಿ ತುಂಬಿದಾಗ ಸವೆದ ಜಾಗ ಗುಳ್ಳೆಯಂತೆ ಉಬ್ಬುವುದನ್ನು ನಾವೆಲ್ಲ ಕಂಡಿದ್ದೇವೆ. ಮೆದುಳಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಒಂದೆಡೆ ದುರ್ಬಲವಾದಾಗ ಅಲ್ಲಿಯೂ ಹೀಗೆಯೇ ಆಗುತ್ತದೆ. ನಾಳಗಳು ಕವಲೊಡೆಯುವ ಜಾಗದಲ್ಲಿ ರಕ್ತದ ಹೊಡೆತ ಹೆಚ್ಚಾದ್ದರಿಂದ ಉಬ್ಬುಗಳು ಬಹುಪಾಲು ಅಲ್ಲಿಯೇ ಕಾಣಿಸುತ್ತವೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂತಹ ಉಬ್ಬು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ಜೀವಮಾನವಿಡೀ ಒಡೆಯುವುದಿಲ್ಲ. ಅನೇಕರಿಗೆ ಅದು ಇರುವುದೇ ತಿಳಿಯುವುದಿಲ್ಲ.

ಒಡೆದಾಗ ಮಾತ್ರ ಸ್ಥಿತಿ ಗಂಭೀರ. ಮೆದುಳನ್ನು ಸುತ್ತುವರಿದ ಪೊರೆಯ ಕೆಳಗೆ ರಕ್ತ ಹರಡುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಜನ ಬದುಕುಳಿಯುವುದಿಲ್ಲ. ಹೊಗೆಸೊಪ್ಪು ಮತ್ತು ಅಧಿಕ ರಕ್ತದೊತ್ತಡ ನಮ್ಮ ಹತೋಟಿಯಲ್ಲಿರುವ ಎರಡು ಪ್ರಮುಖ ಕಾರಣಗಳು. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಹೆಚ್ಚು. ವಂಶಪಾರಂಪರ್ಯವಾಗಿ ಬರುವ, ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆಯುಳ್ಳವರಲ್ಲಿಯೂ ಹೆಚ್ಚು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಅಥವಾ ಹೆಚ್ಚು ಜನರಿಗೆ ಅನ್ಯೂರಿಸಮ್ ಇದ್ದರೆ ಉಳಿದವರು ತಪಾಸಣೆಯ ಬಗ್ಗೆ ನರರೋಗ ತಜ್ಞರನ್ನು ಕೇಳಬೇಕು.

ಚಿಕಿತ್ಸೆಯ ನಂತರವೂ ಮತ್ತೆ ಏಕೆ?

ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1937ರಲ್ಲಿ ತಲೆಬುರುಡೆಯನ್ನು ತೆರೆದು ಉಬ್ಬಿನ ಕೊರಳಿಗೆ ಪುಟ್ಟ ಲೋಹದ ಕ್ಲಿಪ್ ಹಾಕಿದರು. 1990ರಲ್ಲಿ ಗೀಡೊ ಗುಲ್ಯೆಲ್ಮಿ ಮತ್ತು ಸಂಗಡಿಗರು, ರಕ್ತನಾಳದೊಳಗಿನಿಂದಲೇ ಸಣ್ಣ ನಳಿಕೆಯನ್ನು ಸಾಗಿಸಿ ಉಬ್ಬಿನೊಳಗೆ ಪ್ಲಾಟಿನಮ್ ತಂತಿಯ ಸುರುಳಿ ತುಂಬುವ ಕಾಯಿಲಿಂಗ್ ವಿಧಾನವನ್ನು ರೋಗಿಗಳ ಮೇಲೆ ಬಳಸಲಾರಂಭಿಸಿದರು. ಇಂದು ಈ ಎರಡೂ ವಿಧಾನಗಳು ಬಳಕೆಯಲ್ಲಿವೆ. ಕೆಲವರಿಗೆ ನಾಳದೊಳಗೆ ಜಾಲರಿಯಂತಹ ಸ್ಟೆಂಟ್ ಇಡಲಾಗುತ್ತದೆ.

“ಮತ್ತೆ ಬಂದಿದೆ” ಎಂಬ ಮಾತಿಗೆ ಮೂರು ಅರ್ಥಗಳಿವೆ. ತಮ್ಮದು ಯಾವುದೆಂದು ರೋಗಿಯು ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಒಂದು, ತುಂಬಿದ ಸುರುಳಿ ಕಾಲಕ್ರಮೇಣ ಅಮುಕಿಕೊಂಡು ಹಳೆಯ ಉಬ್ಬಿನೊಳಗೆ ರಕ್ತ ಪುನಃ ನುಗ್ಗುವುದು. ಕಾಯಿಲಿಂಗ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಮರುಚಿಕಿತ್ಸೆ ಬೇಕಾಗುತ್ತದೆ. ಕ್ಲಿಪ್ ಹಾಕಿದವರಲ್ಲಿ ಇದು ಇನ್ನೂ ಕಡಿಮೆ. ಎರಡು, ಮೊದಲಿನಿಂದಲೇ ಒಂದಕ್ಕಿಂತ ಹೆಚ್ಚು ಉಬ್ಬುಗಳಿರುವುದು. ನೂರು ರೋಗಿಗಳಲ್ಲಿ 20ರಿಂದ 30 ಜನರ ಸ್ಥಿತಿ ಇದು. ಮೂರು, ಬೇರೊಂದು ಜಾಗದಲ್ಲಿ ಹೊಸದಾಗಿ ಉಬ್ಬು ಹುಟ್ಟುವುದು. ಇದು ವಿರಳವಾದರೂ ಇಲ್ಲವೆನ್ನುವಂತಿಲ್ಲ. ಹೊಗೆಸೊಪ್ಪು ಬಿಡದವರಲ್ಲಿ, ರಕ್ತದೊತ್ತಡ ಹತೋಟಿಗೆ ಬಾರದವರಲ್ಲಿ ಇದರ ಸಂಭವ ಹೆಚ್ಚು.

ಉಬ್ಬು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯೇ ಆಗಬೇಕೆಂದಿಲ್ಲ. 7 ಮಿಲಿಮೀಟರಿಗಿಂತ ಚಿಕ್ಕದಾದ, ಒಡೆಯದ ಹಲವು ಉಬ್ಬುಗಳನ್ನು ವೈದ್ಯರು ಕಾಲಕಾಲಕ್ಕೆ ಚಿತ್ರ ತೆಗೆಸಿ ಕಾಯುತ್ತಾರೆ. ಉಬ್ಬಿರುವ ಜಾಗ, ಅದರ ಆಕಾರ, ರೋಗಿಯ ವಯಸ್ಸು, ಹಿಂದೆ ಒಡೆದದ್ದುಂಟೇ ಎಂಬುದೆಲ್ಲ ಈ ತೀರ್ಮಾನಕ್ಕೆ ಆಧಾರ. ಹೀಗೆ ಕಾಯುವುದು ಕೈಚೆಲ್ಲುವುದಲ್ಲ; ಕಣ್ಣಿಟ್ಟು ನೋಡುವುದೂ ಚಿಕಿತ್ಸೆಯೇ.

ಕಣ್ಣಿಗೆ ಕಾಣದ ಬೇನೆ

ರಕ್ತನಾಳದ ಉಬ್ಬನ್ನು ಯಂತ್ರ ತೋರಿಸುತ್ತದೆ; ಅದರೊಡನೆ ಬಾಳುವವರ ಭಯವನ್ನು ಯಾವ ಯಂತ್ರವೂ ತೋರಿಸದು. ತುಸು ತಲೆನೋವು ಬಂದರೂ ಎದೆ ಝಲ್ಲೆನ್ನುತ್ತದೆ. ತಪಾಸಣೆಯ ದಿನ ಸಮೀಪಿಸಿದಂತೆ ನಿದ್ದೆ ಹಾರುತ್ತದೆ. ರಕ್ತಸ್ರಾವವಾಗಿ ಉಳಿದವರಲ್ಲಿ ದಣಿವು, ಮರೆವು, ಮಾತು ತಡವರಿಸುವುದು, ಗದ್ದಲ ಸಹಿಸಲಾಗದಿರುವುದು, ಸಣ್ಣ ಮಾತಿಗೂ ಕಣ್ಣೀರು ಬರುವುದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ತಲೆಯ ಗಾಯ ಮಾಯ್ದು ಕೂದಲು ಬೆಳೆದ ಮೇಲೆ ನೋಡಿದವರು, “ಆರಾಮ ಇದ್ದೀರಲ್ಲ!” ಎನ್ನುತ್ತಾರೆ. ಒಳಗಿನ ದಣಿವನ್ನು ಹೇಳಿಕೊಂಡರೆ ಸೋಮಾರಿತನವೆಂದಾರು ಎಂಬ ಅಳುಕಿನಿಂದ ರೋಗಿ ಮೌನವಾಗುತ್ತಾರೆ.

ಇದಕ್ಕಿಂತ ನೋಯಿಸುವ ಮಾತೂ ಉಂಟು: “ಯಾವ ಜನ್ಮದ ಕರ್ಮವೋ!” ರೋಗಿಯನ್ನು ತಪ್ಪಿತಸ್ಥರಂತೆ ಕಾಣುವ ಈ ಮಾತು ದಯೆಯೇ ಧರ್ಮವೆಂದು ನಂಬಿದವರ ಬಾಯಲ್ಲಿ ಬರಬಾರದು. ಮೇಲೆ ಹೇಳಿದ ತಾಯಿ ಮನೆಯವರಿಗೆ ತಿಳಿಸದೆ ಉಳಿಯಲು ಇಂತಹ ಮಾತೇ ಕಾರಣವಾಗಿತ್ತು. ಮೌನ ಬೆಳೆದಂತೆ ಭಯ ಬೆಳೆಯಿತು. ಭಯ ಬೆಳೆದಂತೆ ತಪಾಸಣೆ ತಪ್ಪಿತು. ಅಪಾಯ ಹೆಚ್ಚಿಸಿದ್ದು ಹೊಸ ಉಬ್ಬಿಗಿಂತ ಈ ಒಂಟಿತನವೇ.

ಜೊತೆಯವರ ಆಸರೆ

ಅದೇ ದಿನ ನಾವು ಅವರಿಗೆ ಶ್ರೀಮಠದ ಮತ್ತೊಬ್ಬ ಭಕ್ತರ ಪರಿಚಯ ಮಾಡಿಸಿದೆವು. ನಿವೃತ್ತ ಶಿಕ್ಷಕರಾದ ಅವರಿಗೂ ಕಾಯಿಲಿಂಗ್ ಆಗಿ, ಎರಡು ವರ್ಷಗಳ ಬಳಿಕ ಅದೇ ಜಾಗದಲ್ಲಿ ಮರುಚಿಕಿತ್ಸೆಯಾಗಿತ್ತು. ಅವರು ಧೈರ್ಯದ ಉಪದೇಶ ಮಾಡಲಿಲ್ಲ. “ತಪಾಸಣೆಯ ಹಿಂದಿನ ರಾತ್ರಿ ನನಗೂ ನಿದ್ದೆ ಬರುವುದಿಲ್ಲ ತಾಯಿ” ಎಂದಷ್ಟೇ ಹೇಳಿದರು. ಆ ತಾಯಿಯ ಮುಖ ಅಂದು ಮೊದಲ ಬಾರಿಗೆ ಹಗುರಾದುದನ್ನು ನಾವು ಕಂಡೆವು. ವೈದ್ಯರಾದ ನಾವು ಕೊಡಲಾಗದ ಔಷಧಿಯನ್ನು ಆ ಒಂದು ಮಾತು ಕೊಟ್ಟಿತು. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ನಾನಾ ಕಾಯಕದವರು ಕೂಡಿ ತಮ್ಮ ತಮ್ಮ ಅನುಭವವನ್ನು ಹಂಚಿಕೊಂಡರಲ್ಲವೇ? ನೋವಿನ ಅನುಭವವನ್ನು ಹಂಚಿಕೊಳ್ಳುವುದೂ ಆ ದಾರಿಯದೇ ನಡಿಗೆ.

ಈ ಆಸರೆಗೆ ಕೆಲವು ಎಲ್ಲೆಗಳಿವೆ. ಒಬ್ಬರ ಉಬ್ಬಿನಂತೆ ಇನ್ನೊಬ್ಬರದಲ್ಲ. ಆದ್ದರಿಂದ ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗಬಾರದು, ಒಬ್ಬರ ಫಲಿತಾಂಶವನ್ನು ಇನ್ನೊಬ್ಬರ ಭವಿಷ್ಯವೆಂದು ತಿಳಿಯಬಾರದು. ಕೇಳಿಸಿಕೊಳ್ಳುವುದು, ತಪಾಸಣೆಗೆ ಜೊತೆಯಾಗಿ ಹೋಗುವುದು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡುವುದು, ಆ ದಿನ ಮನೆಯ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುವುದು ಇವೆಲ್ಲ ದಾಸೋಹವೇ. ದುಃಖ ಎರಡು ವಾರ ಮೀರಿ ಉಳಿದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.

ನಿತ್ಯದ ಎಚ್ಚರಿಕೆಗಳು

ರಕ್ತದೊತ್ತಡದ ಮಾತ್ರೆಯನ್ನು ವ್ರತ, ಉಪವಾಸ, ಜಾತ್ರೆಯ ದಿನಗಳಲ್ಲಿಯೂ ಬಿಡಬಾರದು. ಬೀಡಿ, ಸಿಗರೇಟು, ಗುಟ್ಕಾ ಪೂರ್ಣವಾಗಿ ನಿಲ್ಲಬೇಕು. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಹಲ್ಲು ಕೀಳಿಸುವುದಕ್ಕಾಗಿಯೂ ತಾವಾಗಿ ನಿಲ್ಲಿಸಬಾರದು; ಚಿಕಿತ್ಸೆ ನೀಡಿದ ತಜ್ಞರನ್ನು ಮೊದಲು ಕೇಳಬೇಕು. ಮಲಬದ್ಧತೆಗೆ ಎಡೆಗೊಡದೆ ನಾರುಳ್ಳ ಆಹಾರ ಸೇವಿಸಬೇಕು. ಲಿಂಗಪೂಜೆ, ಶಾಂತವಾದ ಉಸಿರಾಟ, ಹಗುರ ನಡಿಗೆ ಹಿತಕರ. ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಕಪಾಲಭಾತಿ, ಶೀರ್ಷಾಸನಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಯಾವ ಬಗೆಯ ಕ್ಲಿಪ್, ಕಾಯಿಲ್ ಅಥವಾ ಸ್ಟೆಂಟ್ ಹಾಕಿದ್ದಾರೆಂಬ ಕಾಗದದ ಪ್ರತಿಯನ್ನು ಸದಾ ಬಳಿಯಲ್ಲಿಡಬೇಕು. ಹಳೆಯ ಕಾಲದ ಕೆಲವು ಕ್ಲಿಪ್‌ಗಳು ಅಯಸ್ಕಾಂತಕ್ಕೆ ಸೆಳೆಯಲ್ಪಡುವುದರಿಂದ ಎಂ.ಆರ್.ಐ. ಮಾಡುವ ಮುನ್ನ ಅದನ್ನು ತೋರಿಸುವುದು ಅಗತ್ಯ. ಬಡ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಹಿಂದೆಂದೂ ಕಾಣದಂತಹ ತಲೆನೋವು ಸಿಡಿಲಿನಂತೆ ಒಮ್ಮೆಲೇ ಎರಗಿದರೆ, ಅದರೊಡನೆ ವಾಂತಿ, ಕುತ್ತಿಗೆ ಬಿಗಿತ, ಫಿಟ್ಸ್, ಎಚ್ಚರ ತಪ್ಪುವುದು ಕಂಡರೆ, ಅಥವಾ ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋಲುಬಿದ್ದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ತಲೆನೋವಿಗೆಂದು ಆಸ್ಪಿರಿನ್ ಕೊಡಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಆ ತಾಯಿ ಮುಂದಿನ ವಾರವೇ ಮಗನಿಗೆ ವಿಷಯ ತಿಳಿಸಿ ತಪಾಸಣೆಗೆ ಹೋದರು. ಶಿಕ್ಷಕರ ಮನೆಯವರೂ ಜೊತೆಗಿದ್ದರು. ಹೊಸ ಉಬ್ಬು ಚಿಕ್ಕದಾಗಿದ್ದು ಸದ್ಯಕ್ಕೆ ಚಿಕಿತ್ಸೆ ಬೇಡವೆಂದು ವೈದ್ಯರು ಹೇಳಿದ್ದಾರೆ; ವರ್ಷದ ಬಳಿಕ ಮತ್ತೆ ನೋಡಬೇಕು. ಅವರ “ಎಷ್ಟು ಸಲ?” ಎಂಬ ಪ್ರಶ್ನೆಗೆ ನಮ್ಮಲ್ಲಿ ಇಂದಿಗೂ ಉತ್ತರವಿಲ್ಲ. ಆದರೆ ಪ್ರತಿ ಸಲವೂ ಅವರ ಜೊತೆಗೆ ಯಾರಾದರೂ ಇರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ನಿಮ್ಮ ಓಣಿಯಲ್ಲಿ, ನಿಮ್ಮ ಬಂಧುಗಳಲ್ಲಿ ಇಂತಹ ಬೇನೆಯನ್ನು ಮೌನವಾಗಿ ಹೊತ್ತವರಿದ್ದರೆ ಅವರನ್ನು ಮುಂದಿನ ಶಿವಾನುಭವ ಗೋಷ್ಠಿಗೆ ಕರೆತನ್ನಿರಿ. ಶರಣು ಶರಣಾರ್ಥಿ.